ತಡೆಹಿಡಿದ ನಲವತ್ತೊಂದು ಮಾತು

ಗೋಣಿಕೊಪ್ಪಲನ್ನು ‘ಎಮರ್ಜಿಂಗ್ ಮಾರ್ಕೆಟ್’ ಎಂದು ಕರೆದವರು ಎಲ್ಲೋ ಸಿಂಗಾಪುರದಲ್ಲಿ ಏಸಿ ಹಾಕಿಕೊಂಡು ಕೂತವರು. ಗೋಣಿಕೊಪ್ಪಲಿನವರಿಗೆ ಮಾರ್ಕೆಟ್ ಎಂದರೆ ಸಂತೆ. ಅದು ಹೊಸದಾಗಿ ಏಳುವುದೂ ಇಲ್ಲ, ಬೀಳುವುದೂ ಇಲ್ಲ. ವಾರಕ್ಕೊಮ್ಮೆ ನೆರೆದು ಸಂಜೆಗೆ ಚದುರುತ್ತದೆ. ಆದರೂ ಆ ದೊಡ್ಡ ಹೆಸರಿನ ದೆಸೆಯಿಂದ ಬಸ್‌ಸ್ಟ್ಯಾಂಡಿನ ಹಿಂದೆ, ಕಾಳುಮೆಣಸು ಕೊಳ್ಳುವ ಅಂಗಡಿಯ ಮೇಲಿನ ಮಹಡಿಗೆ ಎರಡು ಕೋಣೆಯ ಆಫೀಸೊಂದು ಬಂದಿತ್ತು. ಸಣ್ಣ ಊರುಗಳಲ್ಲಿ ಮೊಬೈಲ್ ಆಪ್ ಮಾಡುವವರಿಗೆ ಸರ್ವರು, ಸಲಹೆ, ಧೈರ್ಯ ಎಲ್ಲವನ್ನೂ ಒದಗಿಸುವುದು ಅದರ ಕೆಲಸ. ಒದಗಿಸುವವಳು ಕಾತ್ಯಾಯನಿ.

ಕಾತ್ಯಾಯನಿ ಮಡಿಕೇರಿಯವಳು, ದೇವಸ್ಥಾನದ ಅರ್ಚಕ ತಿಮ್ಮಪ್ಪಯ್ಯನವರ ಮಗಳು. ವಯಸ್ಸು ನಲವತ್ತೆರಡು. ಯಾವ ಆಪ್ ಎಷ್ಟು ದಿನ ಬದುಕುತ್ತದೆ, ಯಾವುದು ಯಾವ ರೋಗದಿಂದ ಸಾಯುತ್ತದೆ ಎಂದು ನಾಡಿ ಹಿಡಿದು ಹೇಳುತ್ತಿದ್ದಳು. ಅವಳಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಇದ್ದರೂ ಅದು ಅವಳಿಗೆ ಗೊತ್ತಿರಲಿಲ್ಲ. ಸಹಾಯ ಮಾಡುವ ಉದ್ಯೋಗಕ್ಕೆ ಅಂಟಿಕೊಂಡ ಕಾಯಿಲೆಯೇ ಇದು. ಕೊಡುತ್ತಾ ಕೊಡುತ್ತಾ ಬಾಯಿ ದೊಡ್ಡದಾಗುತ್ತದೆ, ಕಿವಿ ಸಣ್ಣದಾಗುತ್ತದೆ.

ಅವಳ ಕೈಕೆಳಗೆ ಆಪ್ ಮಾಡುತ್ತಿದ್ದ ಒಂಬತ್ತು ಜನರಲ್ಲಿ ಲೋಕೇಶನ ಮೇಲೆ ಅವಳಿಗೆ ಹೆಚ್ಚು ಭರವಸೆ. ಪಾಲಿಬೆಟ್ಟದ ಹತ್ತಿರ ಕರಿಬಂಡೆ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ ಹುಟ್ಟಿ, ಹಾಸ್ಟೆಲಿನಲ್ಲಿ ಬೆಳೆದು, ಡಿಪ್ಲೊಮಾ ಮಾಡಿದವನು. ಅವನ ತಾಯಿ ಜವರಿ ಇವತ್ತಿಗೂ ಅದೇ ಎಸ್ಟೇಟಿನಲ್ಲಿ ಕಾಫಿ ಕುಯ್ಯುವ ಹೆಂಗಸರ ಗ್ಯಾಂಗಿಗೆ ಹಿರಿಯಳು. ಹೋದ ವರ್ಷ ಪಿಕಿಂಗ್ ಸಮಯದಲ್ಲಿ ಪಕ್ಕದ ತೋಟದಲ್ಲಿ ಒಬ್ಬ ಹೆಂಗಸು ಕಾಫಿ ಗಿಡದ ಆ ಕಡೆ ಆನೆ ನಿಂತಿದ್ದು ಕಾಣದೆ ಜೀವ ಬಿಟ್ಟಿದ್ದಳು. ಅದಾದ ಮೇಲೆ ಲೋಕೇಶ ‘ಕಾವಲು’ ಎಂಬ ಆಪ್ ಮಾಡಲು ಕೂತ.

ಆಪ್ ಸರಳವಾಗಿತ್ತು. ಆನೆ ಕಂಡವರು ಗುಂಡಿ ಒತ್ತಿ ಮಾತಾಡಿದರೆ ಸಾಕು. ಆಪ್ ಮಾತನ್ನು ಅಕ್ಷರಕ್ಕೆ ಇಳಿಸುತ್ತದೆ. ಅದರಲ್ಲಿ ‘ಆನೆ’ ಎಂಬ ಪದ ಇದ್ದರೆ ನಕ್ಷೆಯಲ್ಲಿ ಆ ಜಾಗ ಕೆಂಪಾಗಿ, ಒಂದು ಕಿಲೋಮೀಟರ್ ಸುತ್ತಲಿನ ಎಲ್ಲ ಫೋನುಗಳೂ ಸೈರನ್ ಕೂಗುತ್ತವೆ. ಬೇರೆ ಮಾಮೂಲಿ ಮಾತಾದರೆ ಫೋನು ಸುಮ್ಮನೆ ಒಮ್ಮೆ ನಡುಗುತ್ತದೆ. ಕಿವಿಗೆ ಹಿಡಿದರೆ ಮಾತು ಕೇಳುತ್ತದೆ. ಏನೂ ಇಲ್ಲದ ಕಡೆ ನಕ್ಷೆ ಹಸಿರು.

ಮೊದಲ ವಾರ ಜನ ಆಪ್‌ಗೆ ಆನೆ ಸುದ್ದಿಗಿಂತ ಶುಭೋದಯಗಳನ್ನೇ ಹೆಚ್ಚು ತುಂಬಿದರು. ಕಾತ್ಯಾಯನಿ ತಲೆ ಚಚ್ಚಿಕೊಂಡು, ಯಾವ್ಯಾವ ಪದ ಬಂದರೆ ಸಂದೇಶವನ್ನು ತಡೆಯಬೇಕೆಂದು ಒಂದು ಪಟ್ಟಿ ಬರೆದಳು. ಶುಭೋದಯ, ಲಾಟರಿ, ಕೃಪೆ, ಸ್ವಾಮಿ, ಗಣಪತಿ, ದೇವರು.

ಪಟ್ಟಿ ಓದಿದ ಲೋಕೇಶ ತಲೆ ಕೆರೆದುಕೊಂಡಿದ್ದ. “ಮೇಡಂ, ಈ ‘ದೇವರು’ ಒಂದು ಬೇಡವೇನೋ.”

“ಯಾಕೆ?”

“ಏನಿಲ್ಲ... ನಮ್ಮ ಲೈನಲ್ಲಿ ಮಾತಿನ ಮಧ್ಯೆ ಬರ್ತಾ ಇರ್ತದೆ.”

“ಎಲ್ಲಾ ಕಡೆ ಬರತ್ತೆ ಲೋಕೇಶ್. ನಮ್ಮಪ್ಪನ ಫೋನ್ ನೋಡಿದ್ದೀಯಾ ನೀನು? ದಿನಾ ಬೆಳಿಗ್ಗೆ ಐದೂವರೆಗೆ ಊರಿಗೆಲ್ಲಾ ದೇವರು ಹಂಚ್ತಾರೆ. ಮೊದಲು ಆ ಪದ ಹಾಕು.”

ಲೋಕೇಶ ಹಾಕಿದ. ಮೇಡಂ ಹೇಳಿದ ಮೇಲೆ ಮುಗಿಯಿತು. ಸರ್ವರು ಕೊಟ್ಟವರ ಎದುರು ವಾದ ಮಾಡುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

ಇದೆಲ್ಲ ಆಗಿ ನಾಲ್ಕು ದಿನವಾಗಿತ್ತು. ಈ ಬೆಳಿಗ್ಗೆ ಒಂಬತ್ತಕ್ಕೆ ಮೈಸೂರಿನ ಆಫೀಸಿನಿಂದ ಅವಳ ಮೇಲಧಿಕಾರಿ ವಿಷ್ಣುಪ್ರಸಾದ್, ಅವರ ಜೊತೆ ಸಿಂಗಾಪುರದವರು, ವಿಡಿಯೊದಲ್ಲಿ ‘ಕಾವಲು’ ನೋಡುವವರಿದ್ದರು. ಅವರು ಒಪ್ಪಿದರೆ ಜಿಲ್ಲೆಯ ಎಲ್ಲ ಎಸ್ಟೇಟುಗಳಿಗೂ ಆಪ್ ಹೋಗುತ್ತದೆ. ಲೋಕೇಶ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಎಂಟಕ್ಕೇ ಬಂದು ಪರದೆ ಸರಿಮಾಡುತ್ತಿದ್ದ. ಗೋಡೆಯ ಮೇಲೆ ನಕ್ಷೆ ಬಿತ್ತು. ಚೆಟ್ಟಳ್ಳಿಯ ಕಡೆ ಎರಡು ಕೆಂಪು ಚುಕ್ಕೆ. ಪಾಲಿಬೆಟ್ಟದ ಕಡೆ ಕಣ್ಣಿಗೆ ತಂಪಾಗುವ ಹಸಿರು.

“ನಮ್ಮ ಕಡೆ ಇವತ್ತು ಶಾಂತಿ ಮೇಡಂ,” ಎಂದ ಲೋಕೇಶ.

ಕಾತ್ಯಾಯನಿ ತಡೆಹಿಡಿದ ಸಂದೇಶಗಳ ಪೆಟ್ಟಿಗೆ ತೆರೆದಳು. ಫಿಲ್ಟರ್ ಹೇಗೆ ಕೆಲಸ ಮಾಡುತ್ತಿದೆ ಎಂದು ಸಿಂಗಾಪುರದವರಿಗೆ ಒಂದೆರಡು ಉದಾಹರಣೆ ತೋರಿಸುವ ಆಸೆ. ಕರಿಬಂಡೆ ಎಸ್ಟೇಟ್ ಒಂದರಿಂದಲೇ ಇಂದು ಬೆಳಿಗ್ಗೆ ನಲವತ್ತೊಂದು ಸಂದೇಶ ಸಿಕ್ಕಿಬಿದ್ದಿದ್ದವು. ಅವಳಿಗೆ ಖುಷಿಯೇ ಆಯಿತು.

“ನೋಡು, ನಿಮ್ಮ ಲೈನಿನವರಿಗೆ ಎಂಥ ಭಕ್ತಿ!” ಎಂದು ನಗುತ್ತಾ ಮೊದಲನೆಯದನ್ನು ಓದಿದಳು. “ಐದು ನಲವತ್ತು. ‘ದೇವರು ಹಳ್ಳಕ್ಕೆ ಇಳಿದವ್ರೆ.’ ಇದೇನು, ಜಳಕಕ್ಕಾ?”

ಅವಳು ಎರಡನೆಯದನ್ನು ಓದಿದಳು. “‘ದೇವರು ಲೈನಿನ ಹಿಂದಿನ ಬಾಳೆ ಎಲ್ಲ ಮುರುದು ತಿಂದವ್ರೆ.’”

ನಗು ಅರ್ಧಕ್ಕೆ ನಿಂತಿತು. ಅರ್ಚಕರ ಮನೆಯಲ್ಲಿ ಹುಟ್ಟಿದವಳು. ದೇವರಿಗೆ ಬಾಳೆಹಣ್ಣು ನೈವೇದ್ಯ ಮಾಡುವುದನ್ನು ದಿನವೂ ನೋಡಿ ಬೆಳೆದವಳು. ದೇವರು ತಾನೇ ಬಂದು ಬಾಳೆಗಿಡ ಮುರಿದು ತಿಂದದ್ದನ್ನು ಎಲ್ಲೂ ಕೇಳಿರಲಿಲ್ಲ. ತಿರುಗಿ ನೋಡಿದರೆ ಲೋಕೇಶನ ಮುಖ ಬಿಳುಚಿಕೊಂಡಿತ್ತು.

“ಲೋಕೇಶ್, ಈ ದೇವರು ಅಂದರೆ...”

“ಅದೇ ಮೇಡಂ,” ಎಂದ ಅವನು. “ಹತ್ರ ಇದ್ದಾಗ ನಮ್ಮೋರು ಹೆಸರು ಹೇಳಲ್ಲ. ಹೆಸರಿಟ್ಟು ಕರೆದರೆ ಬರ್ತದೆ ಅಂತ. ದೂರ ಇದ್ದಾಗ ಆನೆ ಅಂತಾರೆ. ಹತ್ರ ಬಂದ್ರೆ ದೇವರು ಅಂತಾರೆ.”

ಈ ಕೋಣೆಯಲ್ಲಿ ಅವರಿಬ್ಬರೂ ಇನ್ನೂರು ಸಲ ಆಪ್ ಪರೀಕ್ಷೆ ಮಾಡಿದ್ದರು. ಆನೆ, ಆನೆ, ಆನೆ ಎಂದು ಫೋನಿಗೆ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡಿದ್ದರು. ಬಸ್‌ಸ್ಟ್ಯಾಂಡಿನ ಹಿಂದೆ ಕೂತು ಆನೆ ಎನ್ನಲು ಯಾರಿಗೆ ಏನು ಭಯ?

“ನಿಂಗೆ ಗೊತ್ತಿತ್ತಲ್ಲ! ಯಾಕೆ ಹೇಳಲಿಲ್ಲ?”

“ಬಾಯಿಮಾತಿಗೆ ಅಷ್ಟೇ ಅಂದ್ಕೊಂಡಿದ್ದೆ. ಫೋನಿಗೂ ಹೇಳಲ್ಲ ಅಂತ ಹೊಳೀಲಿಲ್ಲ. ಆಮೇಲೆ...” ಅವನು ಅವಳ ಮುಖ ನೋಡಲಿಲ್ಲ. “ಹೇಳೋಕೆ ಶುರು ಮಾಡಿದ್ದೆ ಮೇಡಂ.”

ಹೌದು, ಶುರು ಮಾಡಿದ್ದ. ಅಪ್ಪನ ಫೋನಿನ ಕತೆ ಹೇಳಿ ಅವನ ಬಾಯಿ ಮುಚ್ಚಿಸಿದ್ದು ತಾನೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಶಾಲೆಯಲ್ಲಿ ಮಕ್ಕಳು ಅವಳನ್ನು ಚುಡಾಯಿಸಲು ಹೇಳುತ್ತಿದ್ದರು. ಆಗ ಅಳು ಬರುತ್ತಿತ್ತು. ಈಗ ಆ ಮಕ್ಕಳ ಮಾತೇ ಸರಿ ಎನಿಸಿತು.

ಅವಳು ಸಂದೇಶಗಳನ್ನು ಸರಸರ ಕೆಳಗೆ ಸರಿಸಿದಳು. ಏಳೂವರೆಯಿಂದ ಈಚೆಗೆ ಬಂದವುಗಳಲ್ಲಿ ಬಹುಪಾಲು ಒಂದೇ ಫೋನಿನಿಂದ, ಜವರಿಯ ಫೋನಿನಿಂದ ಬಂದಿದ್ದವು. ಲೋಕೇಶ ಅಕ್ಷರ ಓದುವುದನ್ನು ಬಿಟ್ಟು ದನಿಯನ್ನೇ ಹಾಕಿದ. ಕೋಣೆಯೊಳಗೆ ಅವನ ತಾಯಿ ಮಾತಾಡಿದಳು.

“ಲೋಕೇಸ, ನಿನ್ ಫೋನು ಕೆಟ್ಟೋಗದಾ? ಬೆಳಗಿಂದ ಹತ್ತು ಸಲ ಹೇಳಿವ್ನಿ, ಕೆಂಪೇ ಆಯ್ತಿಲ್ಲ. ರೈಟ್ರು ಇವತ್ತು ನಮ್ಮನ್ನ ಹಳ್ಳದ ಬ್ಲಾಕಿಗೆ ಹೋಗಿ ಅಂತಾವ್ರೆ. ದೇವರು ಅಲ್ಲೇ ಅವ್ರೆ ಅಂದ್ರೆ ನಗ್ತಾರೆ. ‘ಇಳಿಜಾರು ಅಂತ ನೆಪ ಹೇಳ್ಬೇಡ ಜವರಿ, ನಿನ್ ಮಗನ ಫೋನೇ ಹಸಿರು ಅಂತದೆ’ ಅಂತಾರೆ.”

ಮುಂದಿನದು ಎಂಟು ಗಂಟೆ ಎರಡು ನಿಮಿಷಕ್ಕೆ ಬಂದದ್ದು. ದನಿ ತಗ್ಗಿತ್ತು, ಏದುಸಿರಿತ್ತು. “ಹದಿನೆಂಟು ಜನ ಇಳೀತಾ ಇದೀವಿ. ದೇವರು ಹಳ್ಳದಿಂದಾಚೆ ಬಿದಿರಲ್ಲವ್ರೆ, ಮರೀನೂ ಅದೆ. ಯಾರಾದ್ರೂ ರೈಟ್ರಿಗೆ ಒಂದ್ ಮಾತು ಹೇಳ್ರಪ್ಪಾ.”

ಗೋಡೆಯ ಮೇಲೆ ಕರಿಬಂಡೆ ಎಸ್ಟೇಟ್ ಇನ್ನೂ ಹಸಿರಾಗಿ ಹೊಳೆಯುತ್ತಿತ್ತು. ಗಡಿಯಾರದಲ್ಲಿ ಎಂಟು ಹನ್ನೆರಡು.

ಎಸ್ಟೇಟಿನ ರೈಟರ್ ಬೆಳ್ಳಿಯಪ್ಪ ಮೂವತ್ತು ವರ್ಷದಿಂದ ಆಳುಗಳ ಹಾಜರಿ ಬರೆದು, ಯಾರು ಯಾವ ಬ್ಲಾಕಿಗೆ ಎಂದು ಹಂಚಿದವನು. ಕೆಟ್ಟವನಲ್ಲ. ಮೊದಲೆಲ್ಲ ಜವರಿಯನ್ನು ಕೇಳಿಯೇ ಗ್ಯಾಂಗು ಕಳಿಸುತ್ತಿದ್ದ. ಕೈಗೆ ಆಪ್ ಬಂದ ಮೇಲೆ ಅವಳನ್ನು ಕೇಳುವುದು ಬಿಟ್ಟ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ನಂಬಿಕೆ. ಆಪ್ ಹಸಿರೆಂದರೆ ಹಸಿರು. ಕೂಲಿಯವರ ಮಾತಿಗೆ ತೂಕ ಬರಲಿ ಎಂದು ಮಾಡಿದ ಆಪ್ ಅವರ ಮಾತಿನ ಮೇಲೆಯೇ ಏರಿ ಕೂತಿತ್ತು.

ಮೂರನೇ ಸಲಕ್ಕೆ ಬೆಳ್ಳಿಯಪ್ಪ ಫೋನ್ ಎತ್ತಿದ. ಕಾತ್ಯಾಯನಿ ಸ್ಪೀಕರಿಗೆ ಹಾಕಿ ಎರಡು ಮಾತಿನಲ್ಲಿ ವಿಷಯ ಹೇಳಿದಳು.

“ಎಂಥದು ಮೇಡಂ ನೀವು ಹೇಳೋದು! ಹಸಿರಿತ್ತಲ್ಲಾ!” ಎಂದ ಬೆಳ್ಳಿಯಪ್ಪ. “ಕಾಲು ಗಂಟೆ ಆಯ್ತು ಅವರು ಇಳಿದು. ನಾನೂ ಹಳ್ಳದ ದಾರೀಲೇ ಬೈಕ್ ಇಟ್ಟು, ಚೀಲ ತರೋಕೆ ಸ್ಟೋರಿಗೆ ಬಂದೆ. ಪಟಾಕಿ ಇದೆ ನನ್ನ ಹತ್ರ, ಈಗ್ಲೇ ಹೋಗಿ ಹೊಡೆದು ಓಡಿಸ್ತೀನಿ!”

“ಬೇಡ ರೈಟ್ರೇ!” ಲೋಕೇಶ ಕೂಗಿದ. “ಮರಿ ಇರೋ ಗುಂಪು ಅದು. ನೀವು ಮೇಲಿಂದ ಪಟಾಕಿ ಹೊಡೆದ್ರೆ ಅವು ಯಾವ ಕಡೆ ನುಗ್ತವೋ ಯಾರಿಗೆ ಗೊತ್ತು? ಕೆಳಗೆ ನಮ್ಮವ್ವ ಅವ್ಳೆ. ಸ್ಟೋರು ಬಿಟ್ಟು ಅಲ್ಲಾಡಬೇಡಿ, ನಿಮ್ ದಮ್ಮಯ್ಯ.”

ಅಷ್ಟು ಹೊತ್ತಿಗೆ ಕಾತ್ಯಾಯನಿಯ ಕಣ್ಣು ಪೆಟ್ಟಿಗೆಯ ಕೊನೆಯ ಸಂದೇಶದ ಮೇಲೆ ನಿಂತಿತ್ತು. ಅದು ಜವರಿಯದಲ್ಲ. ಎಸ್ಟೇಟಿನ ಕೆರೆಯ ಹತ್ತಿರ ನೀರಿನ ಪಂಪ್ ನೋಡಿಕೊಳ್ಳುವ ಚಿನ್ನ ಎಂಬವನು ಎಂಟು ಒಂಬತ್ತಕ್ಕೆ ಕಳಿಸಿದ್ದು. “ಇನ್ನಿಬ್ರು ದೇವರು ಕೆರೆ ಬಿಟ್ಟು ಹಳ್ಳದ ದಾರಿ ಹಿಡಿದವ್ರೆ. ನಿಧಾನಕ್ಕೆ ಇಳೀತಾವ್ರೆ.”

ಅವಳು ಕಾಗದದ ಮೇಲೆ ಗೆರೆ ಎಳೆದಳು. ಕೆಳಗೆ ಹಳ್ಳ, ಹಳ್ಳದಾಚೆ ಬಿದಿರಿನಲ್ಲಿ ಮರಿಯಿರುವ ಗುಂಪು. ಮೇಲೆ ಹೆಂಗಸರು ಇಳಿದು ಹೋದ ದಾರಿ. ಅದೇ ದಾರಿಯಲ್ಲಿ, ಅವರ ಬೆನ್ನ ಹಿಂದೆಯೇ, ಇನ್ನೆರಡು. ಮುಂದಿನದು ಜವರಿಗೆ ಗೊತ್ತಿದೆ. ಹಿಂದಿನದು ಗೊತ್ತಿಲ್ಲ. ಮುಂದೆ ಏನಾದರೂ ಸದ್ದಾದರೆ ಹದಿನೆಂಟು ಜನವೂ ಬಂದ ದಾರಿಯಲ್ಲೇ ಓಡುತ್ತಾರೆ, ಓಡಿ ನೇರವಾಗಿ ಆ ಎರಡರ ಕಾಲಿಗೆ ಬೀಳುತ್ತಾರೆ.

“ಬೇರೆ ದಾರಿ ಇದೆಯಾ?”

“ಬಲಗಡೆ ಕರಿಬಂಡೆ ಇದೆ. ಹತ್ತೋದು ಕಷ್ಟ, ಆದ್ರೆ ಹತ್ಬೋದು. ಅವು ಹತ್ತಲ್ಲ.” ಲೋಕೇಶ ಆಗಲೇ ಫೋನ್ ಕೈಗೆತ್ತಿಕೊಂಡಿದ್ದ.

“ಕಾಲ್ ಮಾಡಬೇಡ!” ಕಾತ್ಯಾಯನಿ ಅವನ ಕೈ ಹಿಡಿದಳು. “ರಿಂಗ್ ಆದರೆ?”

ಜವರಿಯ ಫೋನು ರಿಂಗಾದರೆ ಅರ್ಧ ಎಸ್ಟೇಟಿಗೆ ಕೇಳುತ್ತದೆ. ಪಿಕಿಂಗ್ ಗಲಾಟೆಯಲ್ಲಿ ಕೇಳಿಸಲಿ ಎಂದು ಮಗನೇ ಹಾಗೆ ಇಟ್ಟುಕೊಟ್ಟಿದ್ದ. ಮೆಸೇಜ್ ಬಂದರೂ ಅದೇ ಸದ್ದು; ಆಪ್‌ನ ಮಾಮೂಲಿ ಮಾತಿಗೆ ಮಾತ್ರ ಅದು ಸುಮ್ಮನೆ ನಡುಗುತ್ತದೆ. ಅವನು ಕಾಲ್ ಬಿಟ್ಟು ಆಪ್ ತೆರೆದ, ತಾಯಿಯ ಹೆಸರು ಆರಿಸಿ ಗುಂಡಿ ಒತ್ತಿದ. “ಅವ್ವಾ, ದೇವರು ಹಿಂದೆನೂ ಅವ್ರೆ. ಬಂದ ದಾರೀಲಿ ಬರಬ್ಯಾಡ. ಬಂಡೆ ಹತ್ತು.”

ಕಳಿಸಿದ. ಪರದೆಯ ಮೇಲೆ ನಾಲ್ಕು ದಿನದ ಹಿಂದೆ ಕಾತ್ಯಾಯನಿಯೇ ನಯವಾಗಿ ಬರೆದಿದ್ದ ವಾಕ್ಯ ಮೂಡಿತು. ‘ಕ್ಷಮಿಸಿ, ನಿಮ್ಮ ಸಂದೇಶವನ್ನು ತಡೆಹಿಡಿಯಲಾಗಿದೆ. ದಯವಿಟ್ಟು ಆಪ್ ಅನ್ನು ಆನೆಗಳ ಮಾಹಿತಿಗೆ ಮಾತ್ರ ಬಳಸಿ.’

ಜೀವನದಲ್ಲಿ ಅವಳಿಗೆ ತನ್ನ ಬರವಣಿಗೆಯ ಮೇಲೆ ಇಷ್ಟು ಸಿಟ್ಟು ಬಂದಿರಲಿಲ್ಲ.

“ಪಟ್ಟಿಯಿಂದ ಆ ಪದ ತೆಗೆದುಬಿಡ್ತೀನಿ,” ಎಂದು ಅವಳು ಲ್ಯಾಪ್‌ಟಾಪಿಗೆ ಕೈ ಹಾಕಿದಳು. ಆದರೆ ಕೈ ತಾನಾಗಿಯೇ ನಿಂತಿತು. ಪಟ್ಟಿಯಿಂದ ಪದ ತೆಗೆದು, ಅದಕ್ಕೆ ಆನೆ ಎಂಬ ಅರ್ಥ ಕೊಟ್ಟರೆ ತಡೆಹಿಡಿದ ನಲವತ್ತೊಂದೂ ಒಟ್ಟಿಗೆ ಹೊರಡುತ್ತವೆ, ನಕ್ಷೆ ಕೆಂಪಾಗುತ್ತದೆ, ಹಳ್ಳದೊಳಗೆ ಹದಿನೆಂಟು ಫೋನುಗಳು ಸೈರನ್ ಕೂಗುತ್ತವೆ. ಅರ್ಥ ಕೊಡದೆ ಪದ ಮಾತ್ರ ತೆಗೆಯೋಣವೆಂದರೆ, ಆ ನಲವತ್ತೊಂದರ ಪೈಕಿ ಎಷ್ಟರಲ್ಲಿ ‘ಆನೆ’ ಎಂಬ ಪದವೂ ಸೇರಿಕೊಂಡಿದೆಯೋ ಓದಿ ನೋಡಲು ಸಮಯವಿಲ್ಲ. ಒಂದರಲ್ಲಿ ಇದ್ದರೂ ಸಾಕು, ಸೈರನ್.

“‘ಆನೆ’ ಅಂತ ಹೇಳಿದರೂ ಸೈರನ್. ‘ದೇವರು’ ಅಂದರೆ ಹೋಗೋದೇ ಇಲ್ಲ.” ಅವಳು ಲ್ಯಾಪ್‌ಟಾಪನ್ನು ಪಕ್ಕಕ್ಕೆ ತಳ್ಳಿದಳು. “ಲೋಕೇಶ್, ಮೂರನೇ ಪದ ಬೇಕು. ನಾನು ಬರೆದದ್ದರಲ್ಲಿ ಎಲ್ಲೂ ಇರಬಾರದು, ನಿಮ್ಮಮ್ಮನಿಗೆ ಮಾತ್ರ ಅರ್ಥ ಆಗಬೇಕು. ಯೋಚನೆ ಮಾಡು.”

ಅವಳು ಇಷ್ಟು ವರ್ಷದಲ್ಲಿ ಯಾವ ಡೆವಲಪರನ್ನೂ ಹೀಗೆ ಬೇಡಿರಲಿಲ್ಲ. ಲೋಕೇಶ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ದೊಡ್ಡೋರು ಎನ್ನಲೇ? ಅವ್ವ ರೈಟ್ರು ಎಂದುಕೊಂಡಾಳು, ಮ್ಯಾನೇಜರು ಎಂದುಕೊಂಡಾಳು. ಕಪ್ಪು ಎನ್ನಲೇ? ಕೆಳಗೆ ಅಂಗಡಿಯಲ್ಲಿ ಯಾರೋ ಮೆಣಸಿನ ಚೀಲವನ್ನು ದೊಪ್ಪೆಂದು ಕೆಡವಿದರು, ಇಬ್ಬರೂ ಬೆಚ್ಚಿದರು.

“ಮಾವ,” ಎಂದ ಲೋಕೇಶ.

“ಏನು?”

“ಚಿಕ್ಕವನಿದ್ದಾಗ, ಲೈನಿನ ಹಿಂದೆ ಬಂದು ನಿಂತಾಗ ನಾನು ಅಳ್ತಿದ್ನಂತೆ. ಅವ್ವ ಬಾಯಿ ಮುಚ್ಚಿ ಹಿಡಿದು ‘ಮಾವ ಬಂದವ್ನೆ, ಸುಮ್ಕಿರು’ ಅಂತಿದ್ಲು. ನಮಗೆ ಬೇರೆ ಮಾವಂದಿರು ಯಾರೂ ಇಲ್ಲ ಮೇಡಂ. ಅವ್ವನಿಗೆ ಅಣ್ಣತಮ್ಮಂದಿರೇ ಇಲ್ಲ.”

ಇಪ್ಪತ್ತು ವರ್ಷದ ಹಿಂದಿನ ಮಾತು. ಜವರಿಗೆ ನೆನಪಿದೆಯೋ ಇಲ್ಲವೋ. ಆದರೆ ಬೇರೆ ಮಾತೂ ಇರಲಿಲ್ಲ, ಸಮಯವೂ ಇರಲಿಲ್ಲ. ಲೋಕೇಶ ಗುಂಡಿ ಒತ್ತಿ, ಫೋನನ್ನು ಬಾಯಿಗೆ ತೀರಾ ಹತ್ತಿರ ಹಿಡಿದು, ತಾಯಿ ಒಮ್ಮೆ ತನ್ನ ಕಿವಿಯಲ್ಲಿ ಹೇಳುತ್ತಿದ್ದ ಹಾಗೆಯೇ ಪಿಸುಗುಟ್ಟಿದ. “ಅವ್ವಾ, ಮಾವ ಬಂದವ್ನೆ, ಸುಮ್ಕಿರು. ಇಬ್ರು ಮಾವಂದಿರು ನಿನ್ ಹಿಂದ್ಗಡೆ ದಾರೀಲವ್ರೆ. ಬಂದ ದಾರಿ ಬ್ಯಾಡ. ಎಲ್ರುನೂ ಕರ್ಕೊಂಡು ಬಂಡೆ ಹತ್ತು.”

ಕಳಿಸಿದ. ಈ ಸಲ ಯಾವ ಕ್ಷಮಾಪಣೆಯೂ ಬರಲಿಲ್ಲ. ಒಂದು ಟಿಕ್ ಮೂಡಿತು, ಸಂದೇಶ ಸರ್ವರಿಗೆ ಹೋಗಿತ್ತು. ಎರಡನೇ ಟಿಕ್ ಜವರಿಯ ಫೋನಿಗೆ ಮುಟ್ಟಿದಾಗ. ಹಳ್ಳದೊಳಗೆ ಸಿಗ್ನಲ್ ಎಂಬುದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಎಂಟು ಹತ್ತೊಂಬತ್ತು. ಎಂಟು ಇಪ್ಪತ್ತು. ಲೋಕೇಶ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕಾತ್ಯಾಯನಿ ಕಿಟಕಿಗೆ ಹೋಗಿ ಬಂದಳು, ಕೂತಳು, ಎದ್ದಳು. ಹನ್ನೆರಡನೇ ವಯಸ್ಸಿಗೇ ದೇವರ ಮನೆಗೆ ಕೈಮುಗಿಯುವುದನ್ನು ಬಿಟ್ಟವಳು, ಈಗ ಯಾರಿಗೆ ಮುಗಿಯಬೇಕೆಂದು ತಿಳಿಯದೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು. ಅವಳು ಜವರಿಯನ್ನು ಒಂದೇ ಒಂದು ಸಲ ನೋಡಿದ್ದಳು. ಆಪ್ ಉದ್ಘಾಟನೆಯ ದಿನ, ಫೋಟೊಗೆ ಪಕ್ಕದಲ್ಲಿ ನಿಲ್ಲಿಸಿಕೊಂಡು, ಒಂದು ಮಾತೂ ಕೇಳದೆ ಕಳಿಸಿಕೊಟ್ಟಿದ್ದಳು. ನಾಚಿಕೆಯಿಂದ ಅವಳ ಕಿವಿ ಸುಟ್ಟಿತು.

ಎಂಟು ಇಪ್ಪತ್ತಮೂರಕ್ಕೆ ಎರಡನೇ ಟಿಕ್ ಬಿತ್ತು.

ಮುಟ್ಟಿತು, ಸರಿ. ಕಿವಿಗೆ ಹಿಡಿದಳೇ? ಹಿಡಿದರೂ ಅರ್ಥವಾಯಿತೇ? ಮತ್ತೆ ನಾಲ್ಕು ನಿಮಿಷ ಏನೂ ಇಲ್ಲ. ಆ ನಾಲ್ಕು ನಿಮಿಷವನ್ನು ಕಾತ್ಯಾಯನಿ ಮುಂದೆ ಯಾವತ್ತೂ ಯಾರಿಗೂ ಸರಿಯಾಗಿ ಹೇಳಲಾರಳು. ಆಮೇಲೆ ಲೋಕೇಶನ ಕೈಯಲ್ಲಿ ಫೋನು ಒಮ್ಮೆ ನಡುಗಿತು.

ಬಟ್ಟೆ ಉಜ್ಜಿದ ಸದ್ದು, ಉಸಿರು, ತುಂಬಾ ತಗ್ಗಿದ ದನಿ. “ಕಂಡೆ ಮಗ, ನಿನ್ ಮಾವಂದಿರ್ನ. ಬಂಡೆ ಹತ್ತಾ ಇವ್ನಿ.”

ಲೋಕೇಶ ಮೇಜಿಗೆ ತಲೆಯಿಟ್ಟು ಅತ್ತುಬಿಟ್ಟ. ಅಳಲು ಕೂಡ ಅವನಿಗೆ ಅರ್ಧ ನಿಮಿಷವೇ ಸಿಕ್ಕಿದ್ದು. ಕಾತ್ಯಾಯನಿ ಕಾರಿನ ಕೀಲಿ ಹಿಡಿದು ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಪಾಲಿಬೆಟ್ಟದ ದಾರಿಯಲ್ಲಿ ಇಬ್ಬರೂ ಮಾತಾಡಿದ್ದು ಒಂದೇ ಸಲ. “ಹತ್ತಿದ್ದಾರೆ ಅಂದರೆ ಹತ್ತಿದ್ದಾರೆ ತಾನೇ?” ಎಂದಳು ಅವಳು. “ಹತ್ತಾ ಇವ್ನಿ ಅಂದಳು ಮೇಡಂ. ಹತ್ತಿದೆ ಅನ್ನಲಿಲ್ಲ,” ಎಂದ ಅವನು. ಅವಳು ಕಾರನ್ನು ಇನ್ನಷ್ಟು ಜೋರಾಗಿ ಓಡಿಸಿದಳು.

ಲೋಕೇಶ ಹೇಳಿದ್ದ ಹಾಗೆ ಬೆಳ್ಳಿಯಪ್ಪ ಸ್ಟೋರಿನ ಮುಂದೆಯೇ ನಿಂತಿದ್ದ. ಅವರನ್ನು ಕಂಡದ್ದೇ ಬಾಯಿಗೆ ಬೆರಳಿಟ್ಟು ಸುಮ್ಮನಿರಲು ಸನ್ನೆ ಮಾಡಿ, ಹಳ್ಳದ ದಾರಿಯ ತಿರುವಿನತ್ತ ಕೈ ತೋರಿಸಿದ. ಅಲ್ಲಿ ಅವನ ಬೈಕು ಬಿದ್ದಿತ್ತು. ಬೈಕು ಎಂದು ಗೊತ್ತಿದ್ದವರಿಗೆ ಮಾತ್ರ ಅದು ಬೈಕು; ತುಳಿದ ಡಬ್ಬದ ಹಾಗೆ ಚಪ್ಪಟೆಯಾಗಿ ಮಣ್ಣಿಗೆ ಅಂಟಿಕೊಂಡಿತ್ತು. ಆಚೆ ಕಾಫಿ ಗಿಡಗಳು ಸಾಲಾಗಿ ಮಲಗಿದ್ದವು. ಹೆಂಗಸರು ಬಂದ ದಾರಿಯಲ್ಲೇ ಹಿಂತಿರುಗಿದ್ದರೆ ಎದುರಾಗುತ್ತಿದ್ದ ಜಾಗ ಅದೇ.

“ಹೋದರಾ?” ಎಂದು ಕಾತ್ಯಾಯನಿ ತುಟಿಯಲ್ಲೇ ಕೇಳಿದಳು. ಬೆಳ್ಳಿಯಪ್ಪ ಇಲ್ಲವೆಂದು ತಲೆಯಾಡಿಸಿದ. ಹಳ್ಳದೊಳಗೆ ಎಲ್ಲೋ ಬಿದಿರು ಲಟಕ್ಕೆಂದು ಮುರಿಯಿತು.

ಸ್ವಲ್ಪ ಹೊತ್ತಿನಲ್ಲಿ ಸ್ಟೋರಿನ ಹಿಂಬದಿಯಿಂದ, ಬಂಡೆಯ ಆ ಮಗ್ಗುಲಿಂದ ಬಳಸಿಕೊಂಡು, ಒಬ್ಬೊಬ್ಬರಾಗಿ ಹೆಂಗಸರು ಬಂದರು. ಮೊಣಕೈ ತರಚಿತ್ತು, ಸೀರೆ ಹರಿದಿತ್ತು, ಒಬ್ಬಳು ಕುಂಟುತ್ತಿದ್ದಳು. ಲೋಕೇಶ ಬಾಯೊಳಗೇ ಎಣಿಸಿದ. ಹದಿನೈದು, ಹದಿನಾರು, ಹದಿನೇಳು. ಆಮೇಲೆ ಯಾರೂ ಬರಲಿಲ್ಲ. ಅವನು ಬಂಡೆಯ ಕಡೆ ಎರಡು ಹೆಜ್ಜೆ ಹಾಕಿದ. ಮೂರನೇ ಹೆಜ್ಜೆಗೆ ಜವರಿ ತಿರುವಿನಲ್ಲಿ ಕಾಣಿಸಿಕೊಂಡಳು. ಗ್ಯಾಂಗಿಗೆ ಹಿರಿಯಳು ಕೊನೆಯಲ್ಲೇ ಬರಬೇಕು, ಅದು ಅವರ ಪದ್ಧತಿ.

ಮಗ ಕೈ ಹಿಡಿದಾಗ ಅವಳು ಅಳಲಿಲ್ಲ. “ಇಸ್ತ್ರಿ ಅಂಗಿ ಕೊಳೆ ಮಾಡ್ಕಬ್ಯಾಡ,” ಎಂದಳು.

ಕಾತ್ಯಾಯನಿ ಮುಂದೆ ಬಂದಳು. “ತಪ್ಪು ಲೋಕೇಶಂದಲ್ಲ ಜವರಮ್ಮ, ನಂದು,” ಎಂದಳು. “ದೇವರು ಅನ್ನೋ ಪದ ಬಂದರೆ ತಡೆದುಬಿಡು ಅಂತ ನಾನೇ ಹೇಳಿದ್ದೆ. ಅದಕ್ಕೇ ನಿಮ್ಮ ಮಾತು ಯಾರಿಗೂ ಮುಟ್ಟಲಿಲ್ಲ.”

ಜವರಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಸೊಂಟದಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಫೋನು; ಆ ಫೋನಿನ ಮೇಲೆ ಒಂದು ಕೈ ಹಾಗೆಯೇ ಇತ್ತು.

“ದೇವರ್ನ ಯಾರು ತಡೀತಾರೆ ತಾಯೀ?” ಎಂದಳು. “ಅವ್ರು ಬಂದೇ ಬಂದ್ರು. ನೀವು ತಡುದಿದ್ದು ನನ್ನ.”

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಜವರಿ ಲೆಕ್ಕ ತಪ್ಪಿದ ಮಗುವಿಗೆ ತಿದ್ದಿ ಹೇಳುವ ಹಾಗೆ ಹೇಳಿದಳು. ಕಾತ್ಯಾಯನಿಯ ಕಣ್ಣಲ್ಲಿ ನೀರು ತುಂಬಿತು, ಅವಳು ಒರೆಸಿಕೊಳ್ಳಲಿಲ್ಲ. ಬೆಳ್ಳಿಯಪ್ಪ ಚೀಲದ ರಾಶಿಯ ಮೇಲೆ ಕುಸಿದು ಕೂತು ತನ್ನ ಫೋನನ್ನು ತೆಗೆದು ನೋಡಿದ. ಅದು ಆಗಲೂ ಹಸಿರೇ ಇತ್ತು. ಅವನು ಅದನ್ನು ಜೇಬಿಗೆ ಹಾಕಿಕೊಂಡು, “ನಾಳೆ ಎಲ್ಲಿಗೆ ಹೋಗ್ಬೇಕು ಅಂತ ನೀನೇ ಹೇಳು ಜವರಿ,” ಎಂದ.

“ನಾಳೆದು ನಾಳೆ. ಈಗ ನೀರು ಕೊಡಿ,” ಎಂದಳು ಅವಳು.

ಕಾತ್ಯಾಯನಿಯ ಕೈಚೀಲದೊಳಗೆ ಫೋನು ನಡುಗಿತು. ಮೈಸೂರಿನಿಂದ ವಿಷ್ಣುಪ್ರಸಾದ್. ಒಂಬತ್ತು ಗಂಟೆ ದಾಟಿತ್ತು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಎತ್ತಿದಳು.

“ಎಲ್ಲಿದ್ದೀರಿ ಕಾತ್ಯಾಯನಿ? ಎಲ್ಲರೂ ಕಾಯ್ತಾ ಇದ್ದಾರೆ. ಪಾಲಿಬೆಟ್ಟದ ಮ್ಯಾಪ್ ಪೂರ್ತಿ ಹಸಿರು ಕಾಣ್ತಾ ಇದೆ. ಅಲ್ಲಿ ಆನೆನೇ ಇಲ್ವಾ, ಅಥವಾ ಆಪ್ ಕೆಲಸ ಮಾಡ್ತಾ ಇಲ್ವಾ? ಸಿಂಗಾಪುರದವರಿಗೆ ಏನು ಹೇಳ್ಲಿ?”

ಹಳ್ಳದಲ್ಲಿ ಇನ್ನೊಂದು ಬಿದಿರು ಮುರಿಯಿತು, ಈ ಸಲ ಹತ್ತಿರದಲ್ಲಿ. ನೀರು ಕುಡಿಯುತ್ತಿದ್ದ ಹೆಂಗಸರು ಲೋಟವನ್ನು ಹಾಗೆಯೇ ಹಿಡಿದು ನಿಂತರು. ಜವರಿ ಕಾತ್ಯಾಯನಿಯ ಬಾಯಿಯನ್ನೇ ನೋಡುತ್ತಿದ್ದಳು.

“ಈಗ ಹೆಸರು ಹೇಳೋ ಹಾಗಿಲ್ಲ ಸರ್,” ಎಂದು ಕಾತ್ಯಾಯನಿ ಪಿಸುಗುಟ್ಟಿದಳು. “ಇಲ್ಲೇ ಇದ್ದಾರೆ.” ಫೋನ್ ಇಟ್ಟುಬಿಟ್ಟಳು.